ಮುಂದೆ ಗುಂಡಿ ಇರುವ ಕುರ್ತಾ

ಸಾಗರದಿಂದ, ಮಳೆ ಸ್ವಲ್ಪ ಹೊಳವಾದ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಪಿಸುಗುಟ್ಟಿದ್ದು ಕೇಳಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯೊಳಗೆ ಸಂಕಟ. "ಅಕ್ಕಾ, ಅಲ್ಲಿ ಏನೋ ಆಗಿದೆ" ಅಂದೆ. ಅಲ್ಲಿ ಅಂದರೆ ಎಲ್ಲೇ, ಅಡುಗೆಮನೆಯಲ್ಲಾ ಬಾಲ್ಕನಿಯಲ್ಲಾ ಅಂತ ನಾನು. "ಅಲ್ಲಿ ಅಂದ್ರೆ ಅಲ್ಲಿ" ಅಂತ ನೀನು. ನಾಲ್ಕು ಸಲ ಅಲ್ಲಿ ಅಲ್ಲಿ ಅಂದ ಮೇಲೆ ಹೊಳೆಯಿತು. ಎರಡು ವರ್ಷದ ಹಿಂದೆ ನಿನ್ನ ಭಾವನ ಹತ್ತಿರ ನಾನೂ ಇದೇ ಮಾತು ಇದೇ ದನಿಯಲ್ಲಿ ಹೇಳಿದ್ದೆ. ಅವರು ಟಾರ್ಚ್ ತೆಗೆದುಕೊಂಡು ಹಿತ್ತಲಿಗೆ ಹೊರಟಿದ್ದರು, ಹಾವು ಬಂದಿದೆ ಅಂದುಕೊಂಡು.

ನಮ್ಮ ಮನೆಗಳಲ್ಲಿ ಮೊಲೆ ಅನ್ನುವ ಮಾತು ಇರುವುದು ಕೂಸಿಗೆ ಹಾಲೂಡುವಷ್ಟು ದಿನ ಮಾತ್ರ. ಕೂಸು ಹಾಲು ಬಿಟ್ಟ ದಿನ ಆ ಮಾತೂ ಮನೆ ಬಿಟ್ಟು ಹೋಗುತ್ತದೆ. ಕೊಟ್ಟಿಗೆಯ ಹಸುವಿಗೆ ಕೆಚ್ಚಲು ಬಾವು ಬಂದರೆ ಗಂಡಸರು ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಚರ್ಚೆ ಮಾಡುತ್ತಾರೆ, ದನದ ಡಾಕ್ಟರಿಗೆ ಫೋನು ಹೋಗುತ್ತದೆ. ಮನೆಯ ಹೆಂಗಸಿಗೆ ಬಂದರೆ ಅರಿಶಿನ ಹಚ್ಚಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು. ನಿನ್ನ ಹತ್ತಿರ ಫೋನಿನಲ್ಲಿ ಹೇಳೋಣವೆಂದರೆ ಅಮ್ಮನ ಕಿವಿ ಇನ್ನೂ ಚುರುಕಾಗಿಯೇ ಇದೆ. ಅದಕ್ಕೇ ಕಾಗದ. ಕಾಗದದಲ್ಲಿ ನನಗೆ ನಾಚಿಕೆ ಕಡಿಮೆ.

ಇಲ್ಲಿಯ ಸುದ್ದಿ ಹೇಳುವುದಾದರೆ, ಹದಿನೈದು ದಿನದಿಂದ ಒಂದೇ ಮಳೆ. ತೋಟಕ್ಕೆ ಎರಡನೇ ಸಲದ ಔಷಧಿ ಹೊಡೆಯುವುದು ಬಾಕಿ. ಬಿಸಿಲು ಬರಲಿ ಅಂತಾನೆ ಕೊನೆಗೌಡ. ಬಿಸಿಲು ಬಂದ ದಿನ ಅವನು ಬರುವುದಿಲ್ಲ. ಅಮ್ಮನ ಮೊಣಕಾಲು ಹಾಗೇ ಇದೆ. ನಿನ್ನ ವಿಷಯ ಅವಳಿಗೆ ನಾನಾಗಿ ಬಾಯಿ ಬಿಟ್ಟಿಲ್ಲ, ಹೇಳುವುದು ಬಿಡುವುದು ನಿನಗೆ ಸೇರಿದ್ದು. ಆದರೆ ನಿನ್ನ ಗಂಡನಿಗೆ ಇನ್ನೂ ಪೂರ್ತಿ ಹೇಳಿಲ್ಲ ಅಂದೆಯಲ್ಲ, ಅದು ಮಾತ್ರ ನನಗೆ ಸರಿ ಕಾಣಲಿಲ್ಲ. ಈ ಕಾಗದವನ್ನೇ ಕೊಟ್ಟು ಓದು ಅನ್ನು.

ನನ್ನದು ಶುರುವಾದದ್ದು ಒಂದು ಕಲೆಯಿಂದ. ಅಡಿಕೆ ಸುಗ್ಗಿ, ಮನೆಯೆಲ್ಲ ಚೊಗರು. ಬಟ್ಟೆ ಒಗೆಯುವಾಗ ಬಾಡಿಯ ಒಳಮೈಯಲ್ಲಿ ತೊಗರಿಬೇಳೆಯಷ್ಟು ಕಂದು ಕಲೆ ಕಂಡಿತು. ಚೊಗರು ಅಂದುಕೊಂಡೆ. ಚೊಗರಿನ ಕಲೆ ಸತ್ತರೂ ಹೋಗುವುದಿಲ್ಲ ಅಂತ ನಿನಗೂ ಗೊತ್ತು, ಇದು ತಣ್ಣೀರಿನಲ್ಲಿ ತಿಕ್ಕಿದರೆ ಹೋಯಿತು. ಮರುದಿನ ಅದೇ ಜಾಗದಲ್ಲಿ ಮತ್ತೊಂದು. ಚೊಗರು ಬಾಡಿಯ ಒಳಗೆ ಹೇಗೆ ಹೋದೀತು ಅಂತ ಯೋಚಿಸಲು ನನಗೆ ಮೂರು ದಿನ ಬೇಕಾಯಿತು. ಬಚ್ಚಲ ಬಾಗಿಲು ಹಾಕಿಕೊಂಡು ನೋಡಿದರೆ, ಬಲಗಡೆ ತೊಟ್ಟಿನ ಒಂದೇ ಒಂದು ಕಣ್ಣಿನಿಂದ, ಮುಟ್ಟದೆ ಒತ್ತದೆ, ತಾನಾಗಿ ಒಂದು ಹನಿ ಮೂಡಿ ನಿಂತಿತ್ತು. ಕೆಂಪು.

ಆಮೇಲೆ ಮೂರು ವಾರ ಕರ್ಚೀಫು ಮಡಿಚಿ ಒಳಗಿಟ್ಟುಕೊಂಡು ಶಾಲೆಗೆ ಹೋದೆ. ಮಕ್ಕಳಿಗೆ ಮನುಷ್ಯ ದೇಹದ ಪಾಠ ಮಾಡುವ ಟೀಚರಮ್ಮ ನಾನು! ಕಪ್ಪು ಹಲಗೆಯ ಮೇಲೆ ಹೃದಯ ಬರೆಯುವಾಗ ಕೈ ನಡುಗುತ್ತಿತ್ತು. ಕಿದ್ವಾಯಿ ಅನ್ನುವ ಒಂದೇ ಶಬ್ದ ತಲೆಯಲ್ಲಿ. ನಮ್ಮ ಕಡೆ ಅದು ಆಸ್ಪತ್ರೆಯ ಹೆಸರಾಗಿ ಉಳಿದಿಲ್ಲ, ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. "ಅವರನ್ನ ಕಿದ್ವಾಯಿಗೆ ಕರ್ಕೊಂಡು ಹೋದ್ರಂತೆ" ಅಂದರೆ ಮುಂದೆ ಯಾರೂ ಕೇಳುವುದಿಲ್ಲ. ಎಷ್ಟೋ ಜನ ಅಲ್ಲಿಂದ ಗುಣವಾಗಿ ಬಂದು ನಮ್ಮ ಜೊತೆಯಲ್ಲೇ ಮದುವೆಮನೆಗಳಲ್ಲಿ ಊಟ ಮಾಡುತ್ತಿದ್ದಾರೆ ಅನ್ನುವುದು ಆಗ ನೆನಪಾಗಬೇಕಲ್ಲ.

ನೀನು ಮೂರು ವಾರ ಕಾಯಲಿಲ್ಲ, ನಾಲ್ಕೇ ದಿನಕ್ಕೆ ಡಾಕ್ಟರ ಹತ್ತಿರ ಹೋದೆ. ಅಷ್ಟರ ಮಟ್ಟಿಗೆ ನನಗಿಂತ ಜಾಣೆ, ಒಪ್ಪಿದೆ.

ಶಿವಮೊಗ್ಗದಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಮೊದಲು ಕೇಳಿದ್ದು ಮೂರೇ ಪ್ರಶ್ನೆ. ಒಂದು ಕಡೆಯೋ ಎರಡೂ ಕಡೆಯೋ? ಒಂದೇ ಕಣ್ಣಿನಿಂದಲೋ ಹಲವು ಕಣ್ಣುಗಳಿಂದಲೋ? ತಾನಾಗಿ ಬರುತ್ತದೋ, ಹಿಂಡಿದರೆ ಮಾತ್ರವೋ? ನಿನಗೂ ಇದನ್ನೇ ಕೇಳಿರಬೇಕು. ಎರಡೂ ಕಡೆ ಹಾಲಿನಂಥದ್ದು ಬಂದರೆ ಅವರು ಎದೆಯನ್ನು ಬಿಟ್ಟು ರಕ್ತ ಪರೀಕ್ಷೆಗೆ ಹೋಗುತ್ತಾರೆ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು, ಥೈರಾಯ್ಡು, ನುಂಗುತ್ತಿರುವ ಯಾವುದೋ ಮಾತ್ರೆ, ಹೀಗೆ ಕಾರಣ ಬೇರೆ ಎಲ್ಲೋ ಇರುತ್ತದೆ. ಹಸಿರೋ ಕಪ್ಪೋ ಬಣ್ಣದ್ದು ಹಲವು ಕಣ್ಣುಗಳಿಂದ ಬಂದರೆ ಸಾಮಾನ್ಯವಾಗಿ ವಯಸ್ಸಾಗುತ್ತ ನಾಳಗಳು ಹಿಗ್ಗಿ ಒಳಗೆ ಗಸಿ ನಿಂತದ್ದು. ಒಂದೇ ಕಡೆ, ಒಂದೇ ಕಣ್ಣು, ತಾನಾಗಿ ಬರುವ ರಕ್ತ ಅಥವಾ ತಿಳಿನೀರಿನಂಥದ್ದು, ಇದನ್ನು ಮಾತ್ರ ಅವರು ಸುಮ್ಮನೆ ಬಿಡುವುದಿಲ್ಲ. ನಿನ್ನದೂ ನನ್ನದೂ ಆ ಜಾತಿ.

ಒಳಗೆ ಏನಿದೆ ಅಂತ ಆಗ ಕೂತು ಓದಿದೆ. ಟೀಚರ್ ಅಲ್ಲವಾ. ಎದೆಯ ಒಳಗೆ ಹಾಲು ಹರಿಯುವ ಕಾಲುವೆಗಳಿವೆ, ತೋಟದ ಕಪ್ಪಿನ ಹಾಗೆ ಎಲ್ಲವೂ ಬಂದು ತೊಟ್ಟಿಗೆ ಸೇರುತ್ತವೆ. ಪಠ್ಯಪುಸ್ತಕಗಳು ಹದಿನೈದರಿಂದ ಇಪ್ಪತ್ತು ನಾಳ ಅಂತ ಬರೆದುಕೊಂಡು ಬಂದಿವೆ. ಈ ಚಿತ್ರವೆಲ್ಲ ಹಳೆಯ ಕಾಲದ್ದು. ಲಂಡನ್ನಿನ ಆಸ್ಟ್ಲಿ ಕೂಪರ್ ಎಂಬ ಸರ್ಜನ್ ಸತ್ತವರ ನಾಳಗಳಿಗೆ ಬಣ್ಣದ ಮೇಣ ತುಂಬಿ ಬಿಡಿಸಿ ನೋಡಿ 1840ರಲ್ಲಿ ದೊಡ್ಡ ಪುಸ್ತಕವನ್ನೇ ತಂದ. ಆಸ್ಟ್ರೇಲಿಯಾದವರು 2005ರಲ್ಲಿ ಹಾಲೂಡಿಸುವ ತಾಯಂದಿರಿಗೇ ಅಲ್ಟ್ರಾಸೌಂಡ್ ಹಿಡಿದು ಎಣಿಸಿದರೆ, ತೊಟ್ಟಿಗೆ ಬಂದು ಸೇರುವ ದೊಡ್ಡ ನಾಳ ಸರಾಸರಿ ಒಂಬತ್ತರಷ್ಟೇ ಸಿಕ್ಕವು! ಜಗತ್ತಿನ ಅರ್ಧ ಜನರ ಮೈಯಲ್ಲಿ ಇರುವುದನ್ನು ಸರಿಯಾಗಿ ಎಣಿಸಲು ಇಷ್ಟು ಕಾಲ ಬೇಕಾಯಿತು ನೋಡು. ನಾಚಿಕೆ ನಮ್ಮ ಮನೆಯದೊಂದೇ ಅಲ್ಲ ಅನ್ನಿಸಿ ನನಗೆ ಸಮಾಧಾನವೇ ಆಯಿತು.

ಆ ಒಂದು ನಾಳದೊಳಗೆ, ಸಾಸಿವೆಯಷ್ಟೋ ಮೆಣಸಿನ ಕಾಳಿನಷ್ಟೋ, ನರುಳಿಯಂಥ ಮೃದುವಾದ ಬೆಳವಣಿಗೆ ಇರಬಹುದು. ಪ್ಯಾಪಿಲೋಮಾ ಅನ್ನುತ್ತಾರೆ. ಮುಟ್ಟಿದರೆ ಸೋರುತ್ತದೆ, ಅದೇ ರಕ್ತ. ಹೀಗೆ ಬರುವ ರಕ್ತಕ್ಕೆ ಅತಿ ಸಾಮಾನ್ಯ ಕಾರಣ ಅದೇ, ಮತ್ತು ಅದು ಕ್ಯಾನ್ಸರ್ ಅಲ್ಲ. ಹಾಗಾದರೆ ಕೊಯ್ಯುವುದು ಯಾಕೆ ಅಂತ ನೀನು ಕೇಳಿದೆ. ಯಾಕೆಂದರೆ ಕೆಲವರಲ್ಲಿ, ಎಲ್ಲರಲ್ಲಿ ಅಲ್ಲ, ಅದೇ ನಾಳದಲ್ಲಿ ಬೇರೆಯದೂ ಅಡಗಿರುತ್ತದೆ, ತೀರಾ ಮೊದಲ ಹಂತದ್ದು. ಹೊರಗಿನಿಂದ ಅದನ್ನು ಇಲ್ಲವೇ ಇಲ್ಲ ಅನ್ನಲು ಆಗುವುದಿಲ್ಲ. ನನಗೆ ಮ್ಯಾಮೊಗ್ರಾಮ್ ಆಯಿತು, ಸ್ಕ್ಯಾನಿಂಗ್ ಆಯಿತು, ಸೂಜಿ ಹಾಕಿ ಚೂರು ತೆಗೆದರು. "ಚೆನ್ನಾಗಿಯೇ ಕಾಣುತ್ತದೆ, ಆದರೆ ಪೂರ್ತಿ ತೆಗೆದು ನೋಡಿದರೇ ಖಾತ್ರಿ" ಅಂದರು. ಈ ಆಪರೇಷನ್ನು ಅರ್ಧ ಚಿಕಿತ್ಸೆ, ಅರ್ಧ ತನಿಖೆ. ಹಾಗೆಂದು ತಿಳಿದ ಮೇಲೆ ನನಗೆ ಅದರ ಮೇಲಿನ ಸಿಟ್ಟು ಕಡಿಮೆಯಾಯಿತು.

ಒಂದು ನಾಳವೋ ಎಲ್ಲವೋ, ಇದನ್ನು ಬಾಯಿ ಬಿಟ್ಟು ಕೇಳಿಕೋ. ನಿನ್ನ ಚೀಟಿಯ ಫೋಟೋದಲ್ಲಿ ಮೈಕ್ರೋಡೋಕೆಕ್ಟಮಿ ಅಂತಿದೆ, ಅಂದರೆ ಸೋರುವ ನಾಳ ಒಂದೇ. ಮಿಕ್ಕವು ಹಾಗೇ ಉಳಿಯುತ್ತವೆ. ತೊಟ್ಟಿನ ಹಿಂದಿನ ಎಲ್ಲ ದೊಡ್ಡ ನಾಳಗಳನ್ನೂ ತೆಗೆಯುವುದು ಇನ್ನೊಂದು. ಅದನ್ನು 1960ರಲ್ಲಿ ಬರೆದು ತಿಳಿಸಿದ ಇಂಗ್ಲೆಂಡಿನ ಸರ್ಜನ್ ಹ್ಯಾಡ್‌ಫೀಲ್ಡ್ ಹೆಸರಿನಲ್ಲೇ ಇವತ್ತಿಗೂ ಕರೆಯುತ್ತಾರೆ. ಅದು ನಮ್ಮ ದೊಡ್ಡತ್ತೆಗೆ ಆದದ್ದು. ನಿನಗೆ ನೆನಪಿದೆಯೋ ಇಲ್ಲವೋ, ಅವರು ಬೇಸಿಗೆಯಲ್ಲೂ ಎದೆಗೆ ಸೆರಗು ಒತ್ತಿ ಹಿಡಿದುಕೊಂಡೇ ಓಡಾಡುತ್ತಿದ್ದರು. ತೊಟ್ಟಿನ ಅಂಚಿನಲ್ಲಿ ಬಾವು, ಕೀವು, ಒಡೆದು ಹೋಗುವುದು, ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಅದೇ ತೂತು. ಹನ್ನೊಂದು ವರ್ಷ, ಪುಟ್ಟಿ. ಬೇವಿನ ಸೊಪ್ಪು ಅರೆದು ಕಟ್ಟಿದರು, ದೇವರಿಗೆ ಹೇಳಿಕೊಂಡರು, ಯಾರದೋ ದೃಷ್ಟಿ ಅಂದರು. ಕೊನೆಗೆ ಮಗಳು ಹಟ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋದಳು, ಕೆಟ್ಟ ನಾಳಗಳನ್ನೂ ಆ ತೂತಿನ ದಾರಿಯನ್ನೂ ತೆಗೆದರು, ಮುಗಿಯಿತು. "ಇಷ್ಟೇನಾ" ಅಂದರಂತೆ ಅತ್ತೆ ಎಚ್ಚರವಾದ ಮೇಲೆ. ಆ ಇಷ್ಟೇನಾ ನೆನಪಾದಾಗಲೆಲ್ಲ ನನಗೆ ಅಳು ಬರುತ್ತದೆ.

ಎಲ್ಲ ನಾಳ ತೆಗೆದರೆ ಆ ಕಡೆಯಿಂದ ಮುಂದೆ ಹಾಲೂಡಲು ಆಗುವುದಿಲ್ಲ. ಒಂದೇ ತೆಗೆದರೆ ಸಾಮಾನ್ಯವಾಗಿ ಆಗುತ್ತದೆ, ಇನ್ನೊಂದು ಕಡೆಯದಂತೂ ಇದ್ದೇ ಇದೆ. ಇನ್ನೊಂದು ಮಗುವಿನ ಯೋಚನೆ ನಿನಗಿದೆಯಲ್ಲ, ಇಲ್ಲ ಅನ್ನಬೇಡ, ಚಿಕ್ಕಮ್ಮ ಹೇಳಿದ್ದಾಳೆ. ಅದನ್ನು ಸಹಿ ಹಾಕುವ ಮುಂಚೆ ಡಾಕ್ಟರಿಗೆ ಹೇಳು.

ಇನ್ನೊಂದನ್ನೂ ಹೇಳು. ಸಿಗರೇಟು. ಹಾಸ್ಟೆಲ್ ಟೆರೇಸಿನ ಕಥೆ ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಈಗಲೂ ಆಫೀಸಿನಲ್ಲಿ ಒಂದೊಂದು ನಡೆಯುತ್ತಿದ್ದರೆ ನಾನೇನೂ ಊರಿಗೆಲ್ಲ ಡಂಗುರ ಹೊಡೆಯುವುದಿಲ್ಲ. ಆದರೆ ನಾಳದ ಸುತ್ತ ಪದೇ ಪದೇ ಕೀವಾಗುವ ತೊಂದರೆಗೂ ಸಿಗರೇಟಿಗೂ ಗಟ್ಟಿ ನಂಟಿದೆ, ಗಾಯ ಮಾಯುವುದೂ ನಿಧಾನವಾಗುತ್ತದೆ, ತೊಟ್ಟಿನ ಚರ್ಮಕ್ಕೆ ರಕ್ತ ಸಾಲದೆ ಹೋಗುವ ಭಯವೂ ಜಾಸ್ತಿ. ಈವತ್ತಿನಿಂದಲೇ ಬಿಡು. ಆಮೇಲೂ ಹಿಡಿಯಬೇಡ.

ನಿನಗೆ ಅತಿ ಕಷ್ಟವಾಗುವ ನಿಯಮ ಈಗ ಬಂತು: ಅದನ್ನು ಹಿಂಡಬೇಡ. ಇನ್ನೂ ಬರುತ್ತಿದೆಯಾ ಅಂತ ದಿನಕ್ಕೆ ಹತ್ತು ಸಲ ಒತ್ತಿ ನೋಡುವ ಚಪಲ ಇರುತ್ತದೆ, ನನಗಿತ್ತು. ಒತ್ತಿದಷ್ಟೂ ಅದು ಬರುತ್ತಲೇ ಇರುತ್ತದೆ. ಅದೂ ಅಲ್ಲದೆ ಆಪರೇಷನ್ ದಿನ ಸರ್ಜನ್‌ಗೆ ದಾರಿ ತೋರಿಸುವುದು ಆ ಒಂದು ಹನಿಯೇ. ಯಾವ ಕಣ್ಣಿನಿಂದ ಹನಿ ಬರುತ್ತದೋ ಆ ನಾಳ. ನೀನು ಮುಂಚಿನ ದಿನವೇ ಹಿಂಡಿ ಖಾಲಿ ಮಾಡಿದ್ದರೆ ಅವರು ಹುಡುಕುವುದಾದರೂ ಏನನ್ನು?

ರಕ್ತ ತೆಳುವಾಗಿಸುವ ಮಾತ್ರೆ, ಥೈರಾಯ್ಡ್ ಮಾತ್ರೆ, ನಿನ್ನ ಆಯುರ್ವೇದದ ಚೂರ್ಣಗಳು, ನುಂಗುವುದನ್ನೆಲ್ಲ ಮುಂಚೆಯೇ ಹೇಳು. ಮುಟ್ಟು ತಪ್ಪಿದ್ದರೆ ಅದನ್ನೂ ಹೇಳು. ಆರು ಗಂಟೆ ಮುಂಚಿನಿಂದ ಊಟ ತಿಂಡಿ ಇಲ್ಲ, ನೀರಿಗೆ ಸಾಮಾನ್ಯವಾಗಿ ಎರಡು ಗಂಟೆ, ಹಾಲು ಹಾಕಿದ ಕಾಫಿ ಊಟಕ್ಕೇ ಸಮ. ನಿನ್ನ ಆಸ್ಪತ್ರೆಯವರು ಬೇರೆ ಹೇಳಿದರೆ ಅವರದ್ದೇ ಸರಿ. ಉಗುರು ಬಣ್ಣ ತೆಗೆ, ಬೆರಳಿಗೆ ಸಿಕ್ಕಿಸುವ ಯಂತ್ರಕ್ಕೆ ಅದು ಅಡ್ಡ ಬರುತ್ತದೆ. ಬಳೆ, ಓಲೆ, ಕರಿಮಣಿ ಎಲ್ಲ ತೆಗೆಸುತ್ತಾರೆ. ಕರಿಮಣಿ ತೆಗೆದಾಗ ನನಗೆ ಕೊರಳು ತಣ್ಣಗಾಗಿ ಒಂಥರಾ ಆಯಿತು. ನಿನ್ನ ಭಾವ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲೆ ಅಂಗೈ ಮುಚ್ಚಿಕೊಂಡು, ಸಂಜೆಯ ತನಕ ಹಾಗೇ ಕೂತಿದ್ದರಂತೆ. ಪಕ್ಕದಲ್ಲಿದ್ದವರು ಇವರಿಗೇ ಎದೆನೋವು ಅಂದುಕೊಂಡು ನೀರು ತಂದುಕೊಟ್ಟರಂತೆ!

ಪ್ರಜ್ಞೆ ತಪ್ಪಿಸುವುದಕ್ಕೆ ನಿನಗೆ ಭಯ, ಗೊತ್ತು. ನನಗೂ ಕತ್ತಿಗಿಂತ ಅದರದ್ದೇ ಭಯ ಇತ್ತು. ಹೆದರಿಕೆ ಹೋಗಲಿ ಅಂತ ಓದಲು ಹೋಗಿ ಒಂದು ಕಥೆ ಸಿಕ್ಕಿತು, ನಿನಗೂ ಹೇಳುತ್ತೇನೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿದ್ದಕ್ಕೆ ಸರಿಯಾದ ದಾಖಲೆ ಇರುವ ಅತಿ ಹಳೆಯ ಆಪರೇಷನ್ನುಗಳಲ್ಲಿ ಒಂದು ಎದೆಯದೇ. 1804ರಲ್ಲಿ, ಜಪಾನಿನಲ್ಲಿ, ಹನಾಓಕಾ ಸೇಶು ಎಂಬ ವೈದ್ಯ ಅರವತ್ತು ವರ್ಷದ ಹೆಂಗಸಿನ ಎದೆಯ ಗಡ್ಡೆ ತೆಗೆದ. ಬಾಸ್ಟನ್ನಿನಲ್ಲಿ ಈಥರ್ ತೋರಿಸಿದ್ದು ಅದಾಗಿ 42 ವರ್ಷಕ್ಕೆ. ಅವನು ಕುಡಿಸಿದ ಕಷಾಯದಲ್ಲಿ ಮುಖ್ಯವಾದದ್ದು ಏನು ಗೊತ್ತಾ? ಉಮ್ಮತ್ತಿ. ನಮ್ಮ ಬೇಲಿಯಲ್ಲಿ ಬೆಳೆಯುವ, ಶಿವನಿಗೆ ಏರಿಸುವ ಅದೇ ಉಮ್ಮತ್ತಿ ಕುಲದ್ದು. ಅವನ ತಾಯಿ ಮತ್ತು ಹೆಂಡತಿ ತಾವಾಗಿ ಮುಂದೆ ಬಂದು ಆ ಮದ್ದನ್ನು ಮೊದಲು ಕುಡಿದರಂತೆ, ಹೆಂಡತಿಯ ಕಣ್ಣೇ ಹೋಯಿತು ಅಂತ ಹೇಳುತ್ತಾರೆ. ಅವನ ಹೆಸರು ಪುಸ್ತಕದಲ್ಲಿದೆ, ನನಗೆ ನೆನಪಾಗುವುದು ಅವಳು. ಈಗ ನಿನಗೆ ಕೈಗೆ ಸಣ್ಣ ಸೂಜಿ, ಬಿಳಿ ಹಾಲಿನಂಥ ಔಷಧಿ. ಹತ್ತರಿಂದ ಹಿಂದಕ್ಕೆ ಎಣಿಸು ಅಂದರು, ನಾನು ಏಳಕ್ಕೆ ಬರಲಿಲ್ಲ. ಲೆಕ್ಕ ಹೇಳಿಕೊಡುವವಳ ಗತಿ ಅದು.

ಆಮೇಲೆ ಏನು ಮಾಡುತ್ತಾರೆ ಅನ್ನುವುದನ್ನು ನಾನು ಡಾಕ್ಟರಮ್ಮನನ್ನೇ ಕೇಳಿ ತಿಳಿದುಕೊಂಡೆ. ಆ ಒಂದು ಕಣ್ಣಿನೊಳಗೆ ತೀರಾ ತೆಳ್ಳಗಿನ ಮೊಂಡು ಕಡ್ಡಿ ಇಳಿಸುತ್ತಾರೆ. ಕಣ್ಣಿನ ಡಾಕ್ಟರು ಕಣ್ಣೀರಿನ ನಾಳಕ್ಕೆ ಬಳಸುವಂಥದ್ದೇ. ಕೆಲವರು ನೀಲಿ ಬಣ್ಣ ತುಂಬಿ ನಾಳವನ್ನು ಗುರುತು ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಮಾಡಿದ್ದರು, ಎದೆಯ ಆ ಜಾಗ ಸ್ವಲ್ಪ ದಿನ ಮೈಲುತುತ್ತ ಹೊಡೆದ ಅಡಿಕೆ ಗೊನೆಯ ಹಾಗೆ ಕಾಣುತ್ತಿತ್ತು. ನಿನಗೆ ಹಾಗಾದರೆ ಗಾಬರಿಯಾಗಬೇಡ. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲೇ ಕೊಯ್ಯುತ್ತಾರೆ, ಅಲ್ಲಿ ಗೀರು ಬಣ್ಣದೊಳಗೆ ಬಣ್ಣವಾಗಿ ಸೇರಿಹೋಗುತ್ತದೆ. ಕಡ್ಡಿಯ ಜಾಡು ಹಿಡಿದು ಆ ನಾಳವನ್ನೂ ಸುತ್ತಲಿನ ಒಂದಿಷ್ಟು ಮೈಯನ್ನೂ ತೆಗೆದು, ತಾನಾಗಿ ಕರಗುವ ದಾರದಲ್ಲಿ ಹೊಲಿಯುತ್ತಾರೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ತೆಗೆದದ್ದನ್ನು ನಿನ್ನ ಭಾವನಿಗೆ ಡಬ್ಬಿಯಲ್ಲಿ ತೋರಿಸಿದರಂತೆ. "ಶಾವಿಗೆ ಎಳೆಗೆ ಸ್ವಲ್ಪ ತುಪ್ಪ ಮೆತ್ತಿದ ಹಾಗಿತ್ತು, ಅಷ್ಟಕ್ಕೆ ನೀನು ಮೂರು ವಾರ ಊಟ ಬಿಟ್ಟೆ" ಅಂದರು. ಆಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ಶಾವಿಗೆ ಮಾಡಲಿಲ್ಲ.

ಎಚ್ಚರವಾದಾಗ ಗಂಟಲು ಕೆರೆತ, ಚಳಿ, ಹೊಟ್ಟೆ ತೊಳಸು. ಇದು ಹೆಚ್ಚಿನವರಿಗೆ ಆಗುವುದೇ, ಕೇಳಿದರೆ ಇಂಜೆಕ್ಷನ್ ಕೊಡುತ್ತಾರೆ. ನೋವಿಗಿಂತ ನನಗೆ ಮರೆಯದೆ ಉಳಿದದ್ದು ಬೇರೆ. ಆ ಆಸ್ಪತ್ರೆಯ ಆಯಾ ಒಬ್ಬಳು ವಾರ್ಡಿನ ಬಾಗಿಲಲ್ಲಿ ನಿಂತು, "ಬ್ರೆಸ್ಟ್ ಕೇಸ್ ಯಾರ್ರೀ?" ಅಂತ ಸಂತೆಯಲ್ಲಿ ಕೂಗಿದ ಹಾಗೆ ಕೂಗಿದಳು. ಎಲ್ಲರೂ ತಿರುಗಿ ನೋಡಿದರು. ನಾನು ಹೊದಿಕೆ ಎಳೆದುಕೊಂಡು ನಿದ್ದೆ ಬಂದವಳ ಹಾಗೆ ಮಲಗಿದೆ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕಿ, ಅವರಿಗೆ ಪಿತ್ತಕೋಶದ್ದು, ಎದ್ದು ಕೂತು "ಹೆಸರು ಹಿಡಿದು ಕರಿಯೇ ಹುಡುಗಿ, ಕೇಸು ಅಂದ್ರೆ ಕೋರ್ಟಲ್ಲಿ ಇರೋದು" ಅಂದರು. ಅವರ ಪಾದ ಮುಟ್ಟಿ ಬರಬೇಕಿತ್ತು, ಆಗ ತೋಚಲಿಲ್ಲ.

ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ನಾನು ದೂರದಿಂದ ಬಂದವಳು ಅಂತ ಒಂದು ರಾತ್ರಿ ಇಟ್ಟುಕೊಂಡರು. ನಿನಗೆ ಆಟೋ ಬೇಡ, ನಿಮ್ಮ ಬೆಂಗಳೂರಿನ ಹಂಪುಗಳ ಮೇಲೆ ಆಟೋ ಹಾರಿದರೆ ಹೊಲಿಗೆಯ ಒಂದೊಂದು ಗಂಟೂ ನಿನಗೆ ಲೆಕ್ಕ ಸಿಗುತ್ತದೆ. ಕಾರಿನಲ್ಲಿ ಬೆಲ್ಟಿಗೂ ಎದೆಗೂ ನಡುವೆ ಒಂದು ಟವೆಲ್ ಮಡಿಚಿಟ್ಟುಕೋ.

ಮನೆಯ ಮೊದಲ ನಾಲ್ಕು ದಿನ ಹೇಗಿರುತ್ತದೆ ಅಂದರೆ, ನೋವು ಅನ್ನುವುದಕ್ಕಿಂತ ಬಿಗಿತ, ನಡುನಡುವೆ ಉರಿ, ಮಧ್ಯೆ ಒಂದೊಂದು ಸಲ ಸೂಜಿ ಚುಚ್ಚಿದ ಹಾಗೆ. ಪ್ಯಾರಾಸಿಟಮಾಲ್‌ನಲ್ಲೇ ನನ್ನದು ತಡೆದುಕೊಂಡಿತು. ಕಂಬಿ ಇಲ್ಲದ, ಮೆತ್ತಗಿನ, ಆದರೆ ಸಡಿಲವಲ್ಲದ ಬಾಡಿಯನ್ನು ಹಗಲೂ ರಾತ್ರಿ ಹಾಕಿಕೊಂಡಿರು ಅಂದರು. ರಾತ್ರಿ ಹುಕ್ಕು ಬಿಚ್ಚಿದಾಗಲೇ ನಮಗೆಲ್ಲ ದಿನ ಮುಗಿಯುವುದು, ಆ ಸುಖ ಒಂದೆರಡು ವಾರ ಇಲ್ಲ. ಆಧಾರ ಇಲ್ಲದೆ ಎದೆ ಜೋತರೆ ಎಳೆಯುತ್ತದೆ, ನೀನೇ ಹಾಕಿಕೊಳ್ಳುತ್ತೀಯ ನೋಡು. ಅಂಗಾತ ಮಲಗಿ ತೋಳಿನ ಕೆಳಗೆ ಸಣ್ಣ ದಿಂಬು ಇಟ್ಟುಕೋ. ಸ್ನಾನ ಯಾವಾಗ, ಪಟ್ಟಿ ಯಾವಾಗ ತೆಗೆಯುವುದು ಅಂತ ಬರೆಸಿಕೊಂಡೇ ಬಾ, ಒಬ್ಬೊಬ್ಬ ಡಾಕ್ಟರದ್ದು ಒಂದೊಂದು ಲೆಕ್ಕ. ಕೊಡ ಎತ್ತಬೇಡ, ಗ್ಯಾಸ್ ಸಿಲಿಂಡರ್ ಎಳೆಯಬೇಡ, ಮಗಳನ್ನು ಸೊಂಟಕ್ಕೆ ಏರಿಸಬೇಡ. ಅವಳಿಗೆ ಮುಂಚೆಯೇ ಹೇಳಿ ಇಡು, ಓಡಿ ಬಂದು ಎದೆಗೆ ತಲೆ ಗುದ್ದುವ ಅಭ್ಯಾಸ ಅವಳಿಗಿದೆ. ಹಾಗಂತ ಕೈಯನ್ನು ಕಟ್ಟಿಹಾಕಿದವರ ಹಾಗೆ ಇಟ್ಟುಕೊಳ್ಳಲೂ ಬೇಡ, ಭುಜ ಮರಗಟ್ಟುತ್ತದೆ, ತಲೆ ಬಾಚಿಕೊಳ್ಳುವಷ್ಟು ಆಡಿಸುತ್ತಿರು. ಆಫೀಸಿಗೆ ಒಂದು ವಾರ ರಜೆ ಬರೆ, ಬೇಕಾದರೆ ಹೆಚ್ಚಿಸು. ಕಾರಣ ಹೇಳಲೇಬೇಕು ಅಂತ ಯಾವ ಕಾನೂನೂ ಇಲ್ಲ, ಸಣ್ಣ ಆಪರೇಷನ್ ಅಂದರೆ ಸಾಕು.

ನೀಲಿ, ನೇರಳೆ, ಹಸಿರು, ಹಳದಿ, ಹೀಗೆ ಕಂದಿದ ಬಣ್ಣ ಬದಲಾಗುತ್ತ ಹೋಗುತ್ತದೆ, ಕೆಳಗಿನ ತನಕ ಇಳಿಯುತ್ತದೆ. ಗೀರಿನ ಕೆಳಗೆ ಗಟ್ಟಿ ಗಂಟು ಸಿಗುತ್ತದೆ. ಅಯ್ಯೋ ಇನ್ನೊಂದು ಬಂತು ಅಂತ ನಾನು ಅರ್ಧ ರಾತ್ರಿಯಲ್ಲಿ ನಿನ್ನ ಭಾವನನ್ನು ಎಬ್ಬಿಸಿದ್ದೆ. ಮಾಯುವ ಮೈ ಹಾಗೇ ಗಟ್ಟಿಯಾಗಿ ಆಮೇಲೆ ಮೆತ್ತಗಾಗುವುದಂತೆ, ನನಗೆ ಎರಡು ತಿಂಗಳಾಯಿತು. ಆದರೆ ಜ್ವರ ಬಂದರೆ, ಸುತ್ತ ಕೆಂಪಾಗಿ ಬಿಸಿಯಾಗುತ್ತ ಹೋದರೆ, ಕೀವು ಬಂದರೆ, ಒಂದು ಕಡೆ ದಿಢೀರನೆ ಊದಿ ಬಿಗಿದರೆ, ಪಟ್ಟಿ ರಕ್ತದಲ್ಲಿ ತೊಯ್ದರೆ, ಬೆಳಗಾಗಲಿ ಅಂತ ಕಾಯಬೇಡ. ಆ ಹೊತ್ತಿಗೇ ಫೋನು ಮಾಡು, ಮೊದಲು ಆಸ್ಪತ್ರೆಗೆ, ಆಮೇಲೆ ನನಗೆ.

ಇನ್ನು ಯಾರೂ ಹೇಳದ್ದು. ನನ್ನ ಬಲ ತೊಟ್ಟಿನ ಅರ್ಧಕ್ಕೆ ಈಗಲೂ ಸ್ಪರ್ಶ ಗೊತ್ತಾಗುವುದಿಲ್ಲ. ಚಳಿಗೆ ಒಂದು ಕಡೆ ಜುಮ್ಮೆಂದರೆ ಇನ್ನೊಂದು ಕಡೆ ಮೌನ. ಕೆಲವರಿಗೆ ಪೂರ್ತಿ ಹೋಗುತ್ತದೆ, ಕೆಲವರಿಗೆ ತಿಂಗಳುಗಳ ಮೇಲೆ ಮರಳುತ್ತದೆ, ಕೆಲವರಿಗೆ ಮುಟ್ಟಿದರೆ ಆಗದಷ್ಟು ಚುರುಕಾಗುತ್ತದೆ. ತೊಟ್ಟು ಸ್ವಲ್ಪ ಒಳಕ್ಕೆ ಸರಿಯಬಹುದು, ಎಲ್ಲ ನಾಳ ತೆಗೆದವರಲ್ಲಿ ಅದು ಹೆಚ್ಚು. ತೀರಾ ಅಪರೂಪಕ್ಕೆ ತೊಟ್ಟಿನ ಚರ್ಮವೇ ಒಣಗುವುದೂ ಉಂಟು. ಇದನ್ನೆಲ್ಲ ಫಾರಂನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಸಹಿ ಹಾಕುವ ಅವಸರದಲ್ಲಿ ಯಾರು ಓದುತ್ತಾರೆ? ನನಗೆ ನಲವತ್ತೈದು ದಾಟಿತ್ತು, ಹೋಗಲಿ ಬಿಡು ಅಂದುಕೊಂಡೆ ಅಂತ ಬೇರೆಯವರಿಗೆ ಹೇಳುತ್ತೇನೆ. ನಿನಗೆ ಸುಳ್ಳು ಹೇಳುವುದಿಲ್ಲ. ಕನ್ನಡಿಯ ಮುಂದೆ ಸುಮಾರು ದಿನ ಆ ಕಡೆ ನೋಡಲಿಲ್ಲ, ನಿನ್ನ ಭಾವ ಹತ್ತಿರ ಬಂದರೆ ಮಗ್ಗುಲು ಬದಲಿಸುತ್ತಿದ್ದೆ. ಅವರು ಏನೂ ಕೇಳಲಿಲ್ಲ, ಒಂದು ರಾತ್ರಿ ಮಾತ್ರ "ನಿನಗೆ ನೋವಾಗುತ್ತೋ ನಾಚಿಕೆಯಾಗುತ್ತೋ, ಎರಡರಲ್ಲಿ ಒಂದು ಹೇಳು" ಅಂದರು. ಎರಡೂ ಅಂದೆ. ಅಲ್ಲಿಂದ ಸ್ವಲ್ಪ ಹಗುರಾಯಿತು.

ರಿಪೋರ್ಟು ಬರುವ ತನಕದ ದಿನಗಳಿಗೆ ಹೋಲಿಸಿದರೆ ಆಪರೇಷನ್ನು ಏನೇನೂ ಅಲ್ಲ. ವಾರ, ಹತ್ತು ದಿನ ಅನ್ನುತ್ತಾರೆ, ನನ್ನದು ಹನ್ನೆರಡು ದಿನ ಹಿಡಿಯಿತು. ಪೆಥಾಲಜಿಯವರು ಆ ಎಳೆಯನ್ನು ಮೇಣದಲ್ಲಿ ಹುಗಿದು, ಕಾಗದಕ್ಕಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅವಸರ ಮಾಡುವ ಕೆಲಸ ಅಲ್ಲ ಅಂತ ಬುದ್ಧಿಗೆ ಗೊತ್ತು, ಎದೆಗೆ ಗೊತ್ತಾಗುವುದಿಲ್ಲ. ನಾನು ಒಂದೇ ಕೈಯಲ್ಲಿ ದೇವರ ಮನೆಯ ಹಿತ್ತಾಳೆಯನ್ನೆಲ್ಲ ಬೆಳಗಿದೆ. ಬೀರು ಕೆಡವಿ ಸೀರೆಗಳನ್ನು ಯಾರು ಯಾರಿಗೆ ಅಂತ ಮನಸ್ಸಿನಲ್ಲೇ ಹಂಚಿದೆ. ನಿನಗೆ ಆ ಮಾವಿನ ಚಿಗುರಿನ ಬಣ್ಣದ ಇಳಕಲ್ ಬಂದಿತ್ತು, ಈಗ ಆಸೆ ಇಟ್ಟುಕೊಳ್ಳಬೇಡ. ಮಗಳಿಗೆ ಒಂದು ದಿನ ಕಾರಣವಿಲ್ಲದೆ ಬೈದೆ, ಒಂದು ದಿನ ಕಾರಣವಿಲ್ಲದೆ ಹೋಳಿಗೆ ಮಾಡಿದೆ. ಯಾರಾದರೂ "ಏನೂ ಆಗಿರಲ್ಲ ಬಿಡೇ" ಅಂದರೆ ಸಿಟ್ಟು ಬರುತ್ತಿತ್ತು, ಅನ್ನದಿದ್ದರೆ ಇನ್ನೂ ಸಿಟ್ಟು. ಆದ್ದರಿಂದ ನಿನಗೆ ಆ ಮಾತು ಹೇಳುವುದಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತೇನೆ, ಬೇರೆ ಏನಾದರೂ ಮಾತಾಡೋಣ. ಕೊನೆಗೌಡನ ಬಗ್ಗೆಯೇ ಒಂದು ವಾರಕ್ಕಾಗುವಷ್ಟು ಬೈಗುಳ ಇದೆ.

ರಿಪೋರ್ಟು ಕೈಗೆ ಬಂದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಗೂಗಲ್ ಮಾಡಬೇಡ. ನಾನು ಮಾಡಿದೆ. ಹೈಪರ್‌ಪ್ಲೇಸಿಯಾ ಅನ್ನುವ ಒಂದು ಶಬ್ದ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಡಾಕ್ಟರಮ್ಮ ಓದಿ, "ಪ್ಯಾಪಿಲೋಮಾ, ಪೂರ್ತಿ ಬಂದಿದೆ, ಕೆಟ್ಟ ಜೀವಕೋಶ ಇಲ್ಲ, ಊಟ ಮಾಡಿ ಹೋಗಿ" ಅಂದರು. ಒಬ್ಬೊಬ್ಬರಿಗೆ ಜೀವಕೋಶ ಸ್ವಲ್ಪ ವಿಚಿತ್ರವಾಗಿದೆ, ಕಣ್ಣಿಟ್ಟಿರೋಣ ಅನ್ನುತ್ತಾರೆ. ಒಬ್ಬೊಬ್ಬರಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಅಂಥದ್ದೇನಾದರೂ ಅಂದರೆ ನಾನು ಅದೇ ರಾತ್ರಿಯ ಬಸ್ಸಿಗೆ ಕೂರುತ್ತೇನೆ, ಅಡಿಕೆ ತೋಟ ನಿನ್ನ ಭಾವನ ಪಾಲಿಗೆ. ಚೆನ್ನಾಗಿದೆ ಅಂದರೂ ವರ್ಷಕ್ಕೊಮ್ಮೆ ತೋರಿಸುವುದು ತಪ್ಪಿಸಬೇಡ. ಹೋದದ್ದು ಒಂದು ನಾಳ, ಉಳಿದವು ಇನ್ನೂ ಇವೆ.

ಬರುವ ಗುರುವಾರ ನೀನು ಒಳಗೆ ಹೋಗುವ ಹೊತ್ತಿಗೆ ನಾನು ಮೂರನೇ ಪೀರಿಯಡ್‌ನಲ್ಲಿರುತ್ತೇನೆ. ಫೋನನ್ನು ಮೇಜಿನ ಮೇಲೇ ಇಟ್ಟುಕೊಂಡಿರುತ್ತೇನೆ, ಮಕ್ಕಳು ನೋಡಿದರೆ ನೋಡಲಿ.

ಇವತ್ತು ರಾತ್ರಿಯ ಬಸ್ಸಿನಲ್ಲಿ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ, ನನ್ನ ಎರಡು ಹಳೆಯ ಕುರ್ತಾ. ಎರಡಕ್ಕೂ ಮುಂದೆ ಗುಂಡಿ. ತಲೆಯ ಮೇಲಿನಿಂದ ಹಾಕಿಕೊಳ್ಳುವ ಬಟ್ಟೆಗೆ ಕೈ ಎತ್ತಲು ಆ ವಾರ ನಿನಗೆ ಆಗುವುದಿಲ್ಲ, ಆಸ್ಪತ್ರೆಗೂ ಅದನ್ನೇ ಹಾಕಿಕೊಂಡು ಹೋಗು. ಈ ಕಾಗದ ಹಳದಿ ಕುರ್ತಾದ ಜೇಬಿನಲ್ಲಿ ಇದೆ. ನೀಲಿಯದರ ಮೂರನೇ ಗುಂಡಿ ಸಡಿಲ ಇದೆ, ಗುರುವಾರದೊಳಗೆ ಹೊಲಿದುಕೋ.

ನಿನ್ನ,
ಅಕ್ಕ